ಅಮ್ಮ ಮಾತ್ರೆ ತಗೊಂಡರಾ ಇಲ್ವಾ ಅಂತ ತಿಳಿಸುವ ಸೆನ್ಸರ್ ಡಬ್ಬಿ: ಯಾರಾದರೂ ಬಳಸಿದ್ದೀರಾ?

ಗುಬ್ಬಿ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮೂರು ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು. ನಾನು ಕೆಲಸದ ಸಲುವಾಗಿ ಬೆಂಗಳೂರಿನ ದಾಸರಹಳ್ಳಿಯಲ್ಲಿದ್ದೇನೆ. ಅಮ್ಮನಿಗೆ 74. ಅಪ್ಪ ಹೋದ ಮೇಲೆ ಊರಲ್ಲಿ ಒಬ್ಬರೇ ಇದ್ದಾರೆ. ಬಾ ಅಂದರೆ ಬರುವುದಿಲ್ಲ, ಹಸು ಬಿಟ್ಟು ಹೇಗೆ ಬರಲಿ ಅಂತಾರೆ.

ಶುಗರ್, ಬಿಪಿ, ಥೈರಾಯ್ಡ್ ಮೂರೂ ಇದೆ. ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ. ತಿಂಡಿಗೆ ಮುಂಚೆ ಶುಗರ್ ಇಳಿಸುವ ಗ್ಲಿಮೆಪಿರೈಡ್. ತಿಂಡಿ ಆದ ಮೇಲೆ ಶುಗರ್‌ದೇ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟನ್. ರಾತ್ರಿ ಮತ್ತೆ ಮೆಟ್‌ಫಾರ್ಮಿನ್, ಜೊತೆಗೆ ಕೊಲೆಸ್ಟ್ರಾಲ್ ಮಾತ್ರೆ. ದಿನಕ್ಕೆ ಆರು.

ಹೋದ ತಿಂಗಳು ಒಂದು ದಿನ ಬೆಳಿಗ್ಗೆ 11 ಗಂಟೆ ಹೊತ್ತಿಗೆ ಪಕ್ಕದ ಮನೆ ಅತ್ತೆ ಹಾಲು ಕೇಳೋಕೆ ಹೋದಾಗ ಅಮ್ಮ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದರಂತೆ. ರವಿಕೆ ಪೂರ್ತಿ ಒದ್ದೆ. ಮಾತು ತೊದಲುತ್ತಿತ್ತು. ಪುಣ್ಯಕ್ಕೆ ಅತ್ತೆ ಅವರ ಮನೆಯಲ್ಲೂ ಶುಗರ್ ಇದೆ, ಅವರಿಗೆ ಗೊತ್ತಾಯಿತು. ಸಕ್ಕರೆ ನೀರು ಕುಡಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ನೋಡಿದಾಗಲೂ ಶುಗರ್ 52 ಇತ್ತು. ಗ್ಲಿಮೆಪಿರೈಡ್ ಎರಡು ಸಲ ತಗೊಂಡುಬಿಟ್ಟಿದ್ದರು. ಈ ಮಾತ್ರೆಯ ಶುಗರ್ ಇಳಿತ ಮತ್ತೆ ಮರುಕಳಿಸಬಹುದು ಅಂತ ಡಾಕ್ಟರ್ ಒಂದು ರಾತ್ರಿ ಅಲ್ಲೇ ಇರಿಸಿಕೊಂಡರು.

ಈಗ ನನಗೆ ನಿದ್ದೆ ಬರುತ್ತಿಲ್ಲ. ಡಬ್ಬಿಗೆ ಸೆನ್ಸರ್ ಇದ್ದು, ಅಮ್ಮ ಮಾತ್ರೆ ತಗೊಂಡ ತಕ್ಷಣ ನನ್ನ ಫೋನಿಗೆ ಗೊತ್ತಾಗಬೇಕು. ಅಂಥದ್ದು ಯಾವುದಿದೆ? ಬಳಸಿದವರು ದಯವಿಟ್ಟು ಹೇಳಿ.

ತಿಪಟೂರು ತೆಂಗು

ಅಮ್ಮ ಈಗ ಹುಷಾರಾಗಿದ್ದಾರಾ? ಅದು ಮುಖ್ಯ.

ನಾನು ಎರಡು ವರ್ಷದ ಹಿಂದೆ ಅಪ್ಪನಿಗೆ ಆನ್‌ಲೈನಲ್ಲಿ ಒಂದು ಸ್ಮಾರ್ಟ್ ಡಬ್ಬಿ ತರಿಸಿದ್ದೆ. ಕಂಪನಿ ಹೆಸರು ಬೇಡ. ಚೆನ್ನಾಗೇ ಇತ್ತು, ಮುಚ್ಚಳ ತೆಗೆದರೆ ನನ್ನ ಫೋನಿಗೆ ಸುದ್ದಿ ಬರುತ್ತಿತ್ತು. ಆದರೆ ವೈಫೈ ಬೇಕು. ನಮ್ಮಲ್ಲಿ ಕರೆಂಟ್ ಹೋದರೆ ವೈಫೈ ಹೋಯಿತು. ಕರೆಂಟ್ ಹೋದ ಹೊತ್ತೆಲ್ಲ ಅಪ್ಪ ಮಾತ್ರೆ ತಗೊಂಡಿಲ್ಲ ಅಂತಲೇ ತೋರಿಸುತ್ತಿತ್ತು. ಫೋನ್ ಮಾಡಿ ರೇಗುತ್ತಿದ್ದೆ, ಪಾಪ ಅವರು ತಗೊಂಡೇ ಇರುತ್ತಿದ್ದರು. ಒಂದು ವರ್ಷಕ್ಕೆ ಕಂಪನಿಯವರು ಸರ್ವರ್ ನಿಲ್ಲಿಸಿದರು. ಈಗ ಅದರಲ್ಲಿ ಅಮ್ಮ ಲವಂಗ, ಏಲಕ್ಕಿ ಇಡುತ್ತಾರೆ. ಕೊಳ್ಳುವ ಮುಂಚೆ ಒಂದು ಕೇಳಿ: ಕಂಪನಿ ಮುಚ್ಚಿದರೂ ಈ ಡಬ್ಬಿ ಕೂಗುತ್ತದಾ?

ಬೆಸುಗೆ

ನಾನು ತುಮಕೂರಿನವನು, ಎಲೆಕ್ಟ್ರಾನಿಕ್ಸ್ ಓದಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಜ್ಜಿಗೆ ಒಂದು ಡಬ್ಬಿ ಮಾಡಿಕೊಟ್ಟಿದ್ದೇನೆ. ಗೊತ್ತಿರೋದು ಹೇಳುತ್ತೇನೆ.

ಎಲ್ಲಕ್ಕಿಂತ ಸುಲಭದ್ದು ರೀಡ್ ಸ್ವಿಚ್. ಸಣ್ಣ ಗಾಜಿನ ಕೊಳವೆ, ಒಳಗೆ ಎರಡು ತೆಳು ಕಬ್ಬಿಣದ ನಾಲಿಗೆ. ಅಯಸ್ಕಾಂತ ಹತ್ತಿರ ಬಂದರೆ ಎರಡೂ ಅಂಟಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಮುಚ್ಚಳಕ್ಕೆ ಅಯಸ್ಕಾಂತ, ಡಬ್ಬಿಗೆ ಸ್ವಿಚ್. ಮುಚ್ಚಳ ತೆಗೆದ ಗಂಟೆ ನಿಮಿಷ ಬರೆದಿಟ್ಟುಕೊಳ್ಳುತ್ತದೆ. ಕಿಟಕಿಗೆ ಹಾಕುವ ಕಳ್ಳರ ಅಲಾರಂನಲ್ಲೂ ಇದೇ ಇರೋದು.

ಎರಡನೆಯದು ತೂಕದ ಸೆನ್ಸರ್. ಕಾಗದದ ಮೇಲೆ ಬಹಳ ಚೆನ್ನಾಗಿದೆ. ನಾನೂ ಮೊದಲು ಅದನ್ನೇ ಮಾಡಿದ್ದು. ಮೆಟ್‌ಫಾರ್ಮಿನ್ ದೊಡ್ಡ ಮಾತ್ರೆ, ಅದು ಹೋದರೆ ತಿಳಿಯಿತು. ಬಿಪಿ ಮಾತ್ರೆ ಅಮ್ಲೋಡಿಪಿನ್ ಕಾಲು ಗ್ರಾಂ ಕೂಡ ತೂಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಸೆನ್ಸರ್‌ನ ಲೆಕ್ಕವೇ ಅಷ್ಟು ಆಚೀಚೆ ಆಗುತ್ತದೆ. ಅಜ್ಜಿ ಡಬ್ಬಿ ಮೇಲೆ ಕನ್ನಡಕ ಇಟ್ಟರಂತೂ ಮುಗಿಯಿತು. ಬಿಟ್ಟುಬಿಟ್ಟೆ.

ಮೂರನೆಯದು ಕೈಗೆ ಕಟ್ಟುವ ವಾಚು. ಕೈ ಬಾಯಿಗೆ ಹೋದ ರೀತಿ ನೋಡಿ ಮಾತ್ರೆ ನುಂಗಿದ್ದು ಅಂತ ಊಹಿಸುತ್ತದೆ. ಎಲೆ ಅಡಿಕೆ ಹಾಕಿಕೊಳ್ಳುವ ಕೈಗೂ ಮಾತ್ರೆ ಹಾಕಿಕೊಳ್ಳುವ ಕೈಗೂ ವ್ಯತ್ಯಾಸ ಹುಡುಕೋದು ಸುಲಭ ಅಲ್ಲ. ಕ್ಯಾಮೆರಾ ಇಡುವವರೂ ಇದ್ದಾರೆ. ಅದು ನನಗೆ ಇಷ್ಟ ಇಲ್ಲ.

ಒಂದು ಮಾತು ನೆನಪಿರಲಿ. ರೀಡ್ ಸ್ವಿಚ್ ಹೇಳೋದು ಮುಚ್ಚಳ ತೆಗೆದರು ಅಂತ ಮಾತ್ರ. ನುಂಗಿದರು ಅಂತ ಅದಕ್ಕೆ ಗೊತ್ತಿಲ್ಲ.

ಔಷಧಿ ಅಂಗಡಿ, ಬಿ.ಎಚ್. ರಸ್ತೆ

ಬೆಸುಗೆಯವರು ಸರಿಯಾಗಿ ಹೇಳಿದ್ದಾರೆ. ಹೊರದೇಶದಲ್ಲಿ ಬಾಟಲಿ ಮುಚ್ಚಳಕ್ಕೇ ಚಿಪ್ ಹಾಕುವ ಪದ್ಧತಿ ಎಷ್ಟೋ ವರ್ಷದಿಂದ ಇದೆ, ಅದಕ್ಕೆ ಮೆಮ್ಸ್ ಅಂತಾರೆ. ಸಂಶೋಧನೆಗೆ ಜಾಸ್ತಿ ಬಳಸುತ್ತಾರೆ. ಅಲ್ಲಿ ತಿಂಗಳ ಮಾತ್ರೆ ಬಾಟಲಿಯಲ್ಲಿ ಬರುತ್ತದೆ. ನಮ್ಮಲ್ಲಿ ಬರೋದು 10 ಅಥವಾ 15ರ ಸ್ಟ್ರಿಪ್. ಹಾಗಾಗಿ ಆ ಮುಚ್ಚಳ ತಂದು ನಾವು ಯಾವುದಕ್ಕೆ ಹಾಕೋಣ?

ಇನ್ನೊಂದು ಮುಖ್ಯ ವಿಷಯ. ಟೆಲ್ಮಿಸಾರ್ಟನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನುಂಗುವ ಹೊತ್ತಿಗೇ ಫಾಯಿಲ್‌ನಿಂದ ತೆಗೆಯಬೇಕು. ಯಾವ ಡಬ್ಬಿ ತಂದರೂ ಅದನ್ನು ಬಿಚ್ಚಿ ಹಾಕಬೇಡಿ. ಸ್ಟ್ರಿಪ್ ಕತ್ತರಿಸಿ, ಫಾಯಿಲ್ ಸಮೇತ ಒಂದೊಂದು ಮಾತ್ರೆ ಇಡಿ. ಕತ್ತರಿಸುವಾಗ ಮೊನೆ ಉಳಿಯದ ಹಾಗೆ ಮೂಲೆ ದುಂಡಗೆ ಮಾಡಿ. ವಯಸ್ಸಾದವರು ಮಬ್ಬುಗತ್ತಲಲ್ಲಿ ಫಾಯಿಲ್ ಸಮೇತ ನುಂಗಿದ್ದೂ ಇದೆ, ಗಂಟಲು ಕೊಯ್ಯುತ್ತದೆ. ತಾರೀಖು ಇರುವ ತುಂಡನ್ನು ಎಸೆಯಬೇಡಿ.

ಸೆನ್ಸರ್‌ಗೆ ಮುಂಚೆ ಸುಮ್ನೆ ಒಂದು ವಾರದ ಡಬ್ಬಿ ತಗೊಳ್ಳಿ. ದಿನಕ್ಕೆ ನಾಲ್ಕು ಗೂಡು, ಏಳು ದಿನಕ್ಕೆ ಏಳು ಪಟ್ಟಿ. ಗೂಡು ಖಾಲಿ ಅಂದರೆ ತಗೊಂಡಾಗಿದೆ. ಎರಡನೇ ಸಲ ತಗೊಳ್ಳೋಕೆ ಅಲ್ಲಿ ಮಾತ್ರೆಯೇ ಇರೋದಿಲ್ಲ. ನಿಮ್ಮ ಅಮ್ಮನಿಗೆ ಆದ ಅನಾಹುತಕ್ಕೆ ಅರ್ಧ ಪರಿಹಾರ ಅದೇ.

ಮೇಷ್ಟ್ರು, ಎಸ್.ಎಸ್. ಪುರಂ

ನನಗೆ 78. ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಾತ್ರೆ ನುಂಗುವವರ ಪರವಾಗಿ ಒಂದು ಮಾತು ಹೇಳಲೇ?

ಇಲ್ಲಿ ಬರೆದವರೆಲ್ಲ ಮಕ್ಕಳ ಫೋನಿಗೆ ಸುದ್ದಿ ಹೇಗೆ ಹೋಗಬೇಕು ಅಂತ ಕೇಳುತ್ತಿದ್ದೀರಿ. ತಾಯಿಗೆ ಏನು ಬೇಕು ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ. ತಾಯಿ ಮಾತ್ರೆ ಮರೆತಿರಲಿಲ್ಲ. ತಗೊಂಡಿದ್ದನ್ನು ಮರೆತಿದ್ದರು. ಅವೆರಡೂ ಬೇರೆ.

ನನಗೂ ಇದು ಆಗುತ್ತದೆ, ಅದಕ್ಕೇ ಹೇಳುತ್ತೇನೆ. ಬೆಳಿಗ್ಗೆ ತಿಂಡಿ ಮುಗಿಸಿ ಪೇಪರ್ ಓದುತ್ತಾ ಕೂತಿರುತ್ತೇನೆ. ಇದ್ದಕ್ಕಿದ್ದ ಹಾಗೆ ಬಿಪಿ ಮಾತ್ರೆ ತಗೊಂಡೆನಾ ಅಂತ ಅನುಮಾನ ಬರುತ್ತದೆ. ನೀರು ಕುಡಿದದ್ದು ನೆನಪಿದೆ. ಅದು ಇವತ್ತಿನದೋ ನಿನ್ನೆಯದೋ? ಹತ್ತು ವರ್ಷದಿಂದ ಅದೇ ಲೋಟ, ಅದೇ ಕುರ್ಚಿ, ಅದೇ ಮಾತ್ರೆ. ಎಲ್ಲಾ ದಿನವೂ ಒಂದರ ಮೇಲೊಂದು ಕೂತುಬಿಟ್ಟಿದೆ. ಆ ಹೊತ್ತಿನಲ್ಲಿ ನನಗೆ ಬೇಕಾದದ್ದು ಒಂದೇ ಮಾತು. ಹೌದು, 8:10ಕ್ಕೆ ತಗೊಂಡಿದ್ದೀರಿ. ಅದನ್ನು ಹೇಳುವ ಸೆನ್ಸರ್ ಇದ್ದರೆ ನನಗೆ ಕೊಡಿ, ನಾನೇ ದುಡ್ಡು ಕೊಟ್ಟು ತಗೊಳ್ಳುತ್ತೇನೆ.

ಮಗ ಅಡುಗೆಮನೆಗೆ ಕ್ಯಾಮೆರಾ ಇಟ್ಟಿದ್ದ. ಪ್ರೀತಿಯಿಂದಲೇ ಇಟ್ಟದ್ದು. ನನ್ನ ಹೆಂಡತಿ ಎರಡು ವಾರ ಅಡುಗೆಮನೆಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು. ತೆಗೆಸಿದೆ.

ಗುಬ್ಬಿ ಮಗಳು

ಮೇಷ್ಟ್ರೇ, ನಿಮ್ಮ ಮಾತು ಓದಿ ಅಮ್ಮನಿಗೆ ಫೋನ್ ಮಾಡಿದೆ. ಅವತ್ತು ಏನಾಯಿತು ಅಂತ ಬೈಯದೆ ಕೇಳಿದ್ದು ಇದೇ ಮೊದಲು. ಅಮ್ಮ ಹೇಳಿದ್ದು: ಮಾತ್ರೆ ಕೈಗೆ ತಗೊಂಡೆ, ಅಷ್ಟೊತ್ತಿಗೆ ಕರು ಹಗ್ಗ ಬಿಚ್ಚಿಕೊಂಡಿತು, ಓಡಿದೆ, ಬಂದ ಮೇಲೆ ನುಂಗಿದೆನೋ ಕೈಯಲ್ಲೇ ಇತ್ತೋ ಗೊತ್ತಾಗಲಿಲ್ಲ, ತಪ್ಪಿಸಿದರೆ ನೀನು ಬೈತೀಯ ಅಂತ ಇನ್ನೊಂದು ತಗೊಂಡೆ.

ನಾನು ಬೈತೀನಿ ಅಂತ. ಇದನ್ನು ಕೇಳಿ ಅವತ್ತು ಊಟ ಸೇರಲಿಲ್ಲ ನನಗೆ.

ಮಧುಗಿರಿ ಹುಡುಗ

ಮಾತ್ರೆ ಒಳಗೇ ಸೆನ್ಸರ್ ಇರುತ್ತೆ ಅಂತ ಎಲ್ಲೋ ಓದಿದ್ದೆ. ಅದು ಬಂದರೆ ನುಂಗಿದ್ದೇ ಗೊತ್ತಾಗುತ್ತಲ್ವಾ?

ಬೆಸುಗೆ

ಹೌದು, ಇತ್ತು. 2017ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಅಬಿಲಿಫೈ ಮೈಸೈಟ್. ಸ್ಕಿಜೋಫ್ರೇನಿಯಾ ಥರದ ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್ ಮಾತ್ರೆ. ಅದರೊಳಗೆ ಮರಳಿನ ಕಾಳಿನಷ್ಟು ಸೆನ್ಸರ್. ಒಂದು ಕಡೆ ತಾಮ್ರ, ಇನ್ನೊಂದು ಕಡೆ ಮೆಗ್ನೀಸಿಯಂ. ಹೊಟ್ಟೆಯ ರಸ ತಾಗಿದಾಗ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಶಾಲೆಯಲ್ಲಿ ನಿಂಬೆಹಣ್ಣಿಗೆ ಎರಡು ಲೋಹ ಚುಚ್ಚಿ ಮಾಡುತ್ತಿದ್ದೆವಲ್ಲ, ಅದೇ ತತ್ವ. ಪಕ್ಕೆಗೆ ಅಂಟಿಸಿದ ಪಟ್ಟಿ ಆ ಸಂಕೇತ ಹಿಡಿದು ಫೋನಿಗೆ ಕಳಿಸುತ್ತದೆ.

ಆದರೆ ಅದರ ಜೊತೆಗೆ ಬರುವ ಸೂಚನೆಯಲ್ಲೇ ಬರೆದಿತ್ತು, ಸಂಕೇತ ತಡವಾಗಬಹುದು, ಬಾರದೆಯೂ ಇರಬಹುದು, ತುರ್ತಿಗೆ ನಂಬಬೇಡಿ ಅಂತ. ರೋಗಿ ಮಾತ್ರೆ ಸರಿಯಾಗಿ ತಗೊಳ್ಳುವುದು ಇದರಿಂದ ಹೆಚ್ಚುತ್ತದೆ ಅಂತ ಸಾಬೀತಾಗಿಲ್ಲ ಅಂತಲೂ ಇತ್ತು. ಸೆನ್ಸರ್ ಮಾಡಿದ ಪ್ರೋಟಿಯಸ್ ಕಂಪನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಗುಬ್ಬಿಯ ಅಮ್ಮನ ಗ್ಲಿಮೆಪಿರೈಡ್‌ಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ಹಳೇ ಟಿಬಿ ವಿಭಾಗ

ನಾನು ಕ್ಷಯರೋಗ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ದೇಶದಲ್ಲೇ ಒಂದು ಉಪಾಯ ನಡೆದದ್ದನ್ನು ಹೇಳಬೇಕು. 99ಡಾಟ್ಸ್ ಅಂತ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದು. ಸೆನ್ಸರ್ ಇಲ್ಲ, ಬ್ಯಾಟರಿ ಇಲ್ಲ. ಟಿಬಿ ಮಾತ್ರೆ ಸ್ಟ್ರಿಪ್‌ಗೆ ಒಂದು ಕಾಗದದ ಹೊದಿಕೆ. ಮಾತ್ರೆ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ ಫೋನ್ ನಂಬರ್ ಕಾಣುತ್ತದೆ. ಆ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಇವತ್ತು ತಗೊಂಡರು ಅಂತ ದಾಖಲಾಗುತ್ತದೆ. ಕಾಸು ಖರ್ಚಿಲ್ಲ, ಬಟನ್ ಫೋನಿದ್ದರೂ ನಡೆಯುತ್ತದೆ. ಆಮೇಲೆ ಮುಚ್ಚಳ ತೆಗೆದದ್ದು ದಾಖಲಿಸುವ ಡಬ್ಬಿಗಳೂ ಟಿಬಿ ಕಾರ್ಯಕ್ರಮಕ್ಕೆ ಬಂದವು.

ಬಹಳ ಒಳ್ಳೆ ಬುದ್ಧಿ. ಆದರೂ ಮೂತ್ರ ಪರೀಕ್ಷೆ ಮಾಡಿ ಹೋಲಿಸಿದಾಗ, ಕಾಲ್ ಕೊಟ್ಟು ನುಂಗದವರೂ ಇದ್ದರು, ನುಂಗಿ ಕಾಲ್ ಕೊಡದವರೂ ಇದ್ದರು. ನಾನು ಹಳ್ಳಿ ತಿರುಗಿದ ಅನುಭವದಲ್ಲಿ ಹೇಳುತ್ತೇನೆ. ಕಾಲ್ ಬರಲಿಲ್ಲ ಅಂದ ದಿನ ಮನೆಗೆ ಹೋಗುವವನೊಬ್ಬ ಇದ್ದರೆ ಮಾತ್ರ ಆ ಪಟ್ಟಿಗೆ ಬೆಲೆ. ಹೋಗಿ ಕೇಳಿದರೆ ಕಾರಣ ಬೇರೆಯೇ ಇರುತ್ತಿತ್ತು. ವಾಂತಿ ಆಗುತ್ತಿತ್ತು, ಕೂಲಿಗೆ ಬೆಳಗಿನ ಜಾವ ಹೊರಡಬೇಕಿತ್ತು, ಅಕ್ಕಪಕ್ಕದವರಿಗೆ ಗೊತ್ತಾಗುವ ಭಯ ಇತ್ತು. ಯಾವ ಡಬ್ಬಿಯೂ ಇದನ್ನು ಹೇಳುವುದಿಲ್ಲ.

ಆಶಾ ಅಕ್ಕ, ಶಿರಾ

ನಾವು ದಿನಾ ಕಾಣೋದು ಇದೇ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದ ಕಡೆಯಿಂದ ಶುರುವಾಯಿತಲ್ಲ. ಮನೆ ಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡೋದು, ಮಾತ್ರೆ ಸಿಗುವ ಹಾಗೆ ಮಾಡೋದು. ಮಾತ್ರೆ ಮನೆ ಸೇರುತ್ತದೆ. ಹೊಟ್ಟೆ ಸೇರಿತಾ ಅನ್ನೋದು ಬೇರೆ ಪ್ರಶ್ನೆ.

ಮಾತ್ರೆ ತಗೋತೀರಾ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಅದಕ್ಕೆ ನಾನು ಹಾಗೆ ಕೇಳೋದೇ ಇಲ್ಲ. ಅಜ್ಜಿ, ಸ್ಟ್ರಿಪ್ ತೋರಿಸಿ ಅಂತೀನಿ. ಸಾಸಿವೆ ಡಬ್ಬಿಯಿಂದ ಬರುತ್ತದೆ, ದೇವರ ಗೂಡಿನಿಂದ ಬರುತ್ತದೆ, ದಿಂಬಿನ ಕೆಳಗಿಂದ ಬರುತ್ತದೆ. ಖಾಲಿ ಗುಳಿ ಎಣಿಸಿದರೆ ಲೆಕ್ಕ ಸಿಕ್ಕಿಬಿಡುತ್ತದೆ. ಕೊಟ್ಟು ಇಪ್ಪತ್ತು ದಿನ ಆಗಿದೆ, ಹನ್ನೊಂದು ಗುಳಿ ಖಾಲಿ. ಬೈಯಬಾರದು. ಬೈದರೆ ಮುಂದಿನ ಸಲ ಖಾಲಿ ಸ್ಟ್ರಿಪ್ ತೋರಿಸುತ್ತಾರೆ, ಮಾತ್ರೆ ತಿಪ್ಪೆಗೆ ಹೋಗಿರುತ್ತದೆ.

ಇನ್ನೊಂದು ಮಾತು ಗುಬ್ಬಿ ಮಗಳೇ. ಒಂದು ಹೊತ್ತು ತಪ್ಪಿತು ಅಂತ ಫೋನಿಗೆ ಬಂದರೆ, ಈಗ ಎರಡು ತಗೊಳ್ಳಿ ಅಂತ ಮಾತ್ರ ಯಾವತ್ತೂ ಹೇಳಬೇಡಿ. ಅನುಮಾನ ಬಂದರೆ ಆ ಹೊತ್ತಿನ ಗ್ಲಿಮೆಪಿರೈಡ್ ತಗೊಳ್ಳೋದು ಬೇಡ, ಗ್ಲುಕೋಮೀಟರ್ ಇದ್ದರೆ ಶುಗರ್ ನೋಡಿ, ಡಾಕ್ಟರ್‌ಗೆ ಫೋನ್ ಮಾಡಿ.

ಬೆಸುಗೆ

ಗುಬ್ಬಿ ಅಕ್ಕ, ಮೇಷ್ಟ್ರು ಹೇಳಿದ್ದು ನನ್ನ ತಲೆಯಲ್ಲೇ ಕೂತಿದೆ. ಅಜ್ಜಿಯ ಡಬ್ಬಿಯಲ್ಲಿ ನಾನು ಮಾಡಿದ್ದೂ ಅದೇ ತಪ್ಪು, ನನಗೆ ಮೆಸೇಜ್ ಬರೋ ಹಾಗೆ ಮಾಡಿದ್ದೆ, ಅಜ್ಜಿಗೆ ಏನೂ ಕಾಣುತ್ತಿರಲಿಲ್ಲ. ಅಮ್ಮನಿಗೆ ಬೇರೆ ಥರ ಮಾಡೋಣ. ಔಷಧಿ ಅಂಗಡಿಯವರು ಹೇಳಿದ ವಾರದ ಡಬ್ಬಿಯನ್ನೇ ತನ್ನಿ. ಅದರ ಒಂದು ದಿನದ ಪಟ್ಟಿ ಕೂರುವ ಹಾಗೆ ಕೆಳಗೆ ಒಂದು ಪೀಠ ಮಾಡುತ್ತೇನೆ. ನಾಲ್ಕು ಮುಚ್ಚಳಕ್ಕೆ ನಾಲ್ಕು ಸ್ವಿಚ್, ನಾಲ್ಕು ದೀಪ. ಹೊತ್ತಾದಾಗ ಹಳದಿ. ತೆಗೆದು ಮುಚ್ಚಿದ ಮೇಲೆ ಮಾರನೇ ದಿನದ ತನಕ ಹಸಿರು.

ನೀಲಿ ದೀಪ ಹಾಕಬಾರದು ಅಂತ ಕಲಿತಿದ್ದೇನೆ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿ ತಿರುಗುತ್ತದೆ, ನೀಲಿ ಬೆಳಕನ್ನು ಅದು ನುಂಗಿಬಿಡುತ್ತದೆ. ಕೀಂ ಅನ್ನೋ ಬಜರ್ ಕೂಡ ಬೇಡ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳೋದು ಅಂಥ ಕೀರಲು ಸದ್ದನ್ನೇ. ಬದಲಿಗೆ ಮಾತು ರೆಕಾರ್ಡ್ ಮಾಡಿ ಹಾಕೋಣ. ನಿಮ್ಮ ಮನೆಯಲ್ಲಿ ದಪ್ಪ ದನಿ ಯಾರದ್ದು?

ಕರೆಂಟ್ ಬೇಡ, ಬ್ಯಾಟರಿ ಸಾಕು. ಗಡಿಯಾರಕ್ಕೆ ಡಿಎಸ್3231 ಅನ್ನೋ ಚಿಪ್, ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ಆಚೀಚೆ ಆಗುತ್ತದೆ. ಮೆಸೇಜಿಗೆ ಹಳೇ 2ಜಿ ಸಿಮ್ ಮಾಡ್ಯೂಲ್. ಜಿಯೋದಲ್ಲಿ 2ಜಿ ಇಲ್ಲ, ಅದಕ್ಕೆ ನಿಮ್ಮೂರಲ್ಲಿ ಬೇರೆ ಯಾವ ಸಿಗ್ನಲ್ ಸಿಗುತ್ತದೆ ನೋಡಿ ಹೇಳಿ. ಈ ಮಾಡ್ಯೂಲ್ ಒಂದು ಕ್ಷಣಕ್ಕೆ ಎರಡು ಆಂಪಿಯರ್ ತನಕ ಎಳೆಯುತ್ತದೆ, ಸಣ್ಣ ಬ್ಯಾಟರಿ ಹಾಕಿದರೆ ಎಲ್ಲಾ ಸ್ಥಗಿತ ಆಗುತ್ತದೆ. ಆ ಭಾಗ ನನಗೆ ಬಿಡಿ.

ಪಾವಗಡ ಬಿಸಿಲು

ನಮ್ಮ ಕಡೆಗೂ ಒಂದು ಮಾಡಿಕೊಡಿ ಸ್ವಾಮಿ. ನಮ್ಮಜ್ಜಿಗೆ ತೆಲುಗಲ್ಲೇ ಹೇಳಬೇಕು, ಕನ್ನಡದಲ್ಲಿ ಹೇಳಿದರೆ ರೇಡಿಯೋ ಅಂದುಕೊಳ್ಳುತ್ತಾರೆ.

ಮೇಷ್ಟ್ರು, ಎಸ್.ಎಸ್. ಪುರಂ

ಮೆಸೇಜ್ ಹೋಗುವ ಸರದಿಯನ್ನು ತಾಯಿಯ ಹತ್ತಿರವೇ ಕೇಳಿ ನಿಗದಿ ಮಾಡಿ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ. ಮೊದಲು ನನಗೆ ಕೂಗಲಿ. ಮುಕ್ಕಾಲು ಗಂಟೆ ಆದರೂ ಮುಚ್ಚಳ ತೆಗೆಯದಿದ್ದರೆ ಪಕ್ಕದ ಮನೆಗೆ. ಅವರೂ ಏನೂ ಹೇಳದಿದ್ದರೆ ಮಗನಿಗೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಕಂಪನಿಗಳು ನಮ್ಮ ಮಾಹಿತಿ ತಗೊಳ್ಳಲು ಒಪ್ಪಿಗೆ ಕೇಳಬೇಕು ಅನ್ನುತ್ತದೆ. ಮಕ್ಕಳಿಗೆ ಕಾಯ್ದೆ ಬೇಡ, ಒಂದು ಮಾತು ಕೇಳಿದರೆ ಸಾಕು.

ಗುಬ್ಬಿ ಮಗಳು

ಮೂರು ವಾರ ಆಯಿತು, ಬರೆಯೋಕೆ ಆಗಿರಲಿಲ್ಲ, ಕ್ಷಮಿಸಿ.

ಬೆಸುಗೆಯವರು ಡಬ್ಬಿ ಮಾಡಿಕೊಟ್ಟರು. ಸಾಮಾನಿಗೆ ಆದಷ್ಟೇ ತಗೊಂಡರು, ಎರಡು ಸಾವಿರ ದಾಟಲಿಲ್ಲ. ದನಿ ನಮ್ಮ ಅಣ್ಣನದ್ದು. "ಅಮ್ಮಾ, ತಿಂಡಿಗೆ ಮುಂಚೆ ಮಾತ್ರೆ" ಅಂತ ಹೇಳುತ್ತದೆ. ಅಣ್ಣ ಇರೋದು ಪುಣೆಯಲ್ಲಿ. ಮೊದಲ ದಿನ ಅಮ್ಮ ಅದಕ್ಕೆ ಹೂಂ ಕಣಪ್ಪಾ ಅಂತ ಉತ್ತರ ಕೊಟ್ಟರಂತೆ. ಹಸಿರು ಇರುವಾಗ ಮತ್ತೆ ಮುಚ್ಚಳ ಮುಟ್ಟಿದರೆ "ಆಗಿದೆ ಅಮ್ಮಾ, 8 ಗಂಟೆಗೇ ತಗೊಂಡಿದ್ದೀಯ" ಅನ್ನುತ್ತದೆ. ಇದೇ ಅಮ್ಮನಿಗೆ ಎಲ್ಲಕ್ಕಿಂತ ಇಷ್ಟ. ದಿನಕ್ಕೆ ಎರಡು ಮೂರು ಸಲ ಸುಮ್ನೆ ಹೋಗಿ ಹಸಿರು ನೋಡಿಕೊಂಡು ಬರುತ್ತಾರೆ.

ಸರದಿ ಅಮ್ಮನೇ ಹೇಳಿದರು. ಮೊದಲು ತನಗೆ, ಆಮೇಲೆ ಪಕ್ಕದ ಮನೆ ಅತ್ತೆಗೆ, ಕೊನೆಗೆ ನನಗೆ.

ಆದರೆ ಕಳೆದ ಭಾನುವಾರದ್ದು ಹೇಳಲೇಬೇಕು. ಮಾತ್ರೆ ತುಂಬಿಸೋಕೆ ಊರಿಗೆ ಹೋಗಿದ್ದೆ. ಪಟ್ಟಿ ಎಲ್ಲಾ ಖಾಲಿ, ದೀಪ ಎಲ್ಲಾ ಹಸಿರು. ಖುಷಿಯಾಯಿತು. ಅಮ್ಮನ ಸೀರೆ ಒಗೆಯೋಣ ಅಂತ ತಗೊಂಡರೆ ಸೆರಗಿನ ತುದಿಯಲ್ಲಿ ಗಂಟು. ಬಿಚ್ಚಿದರೆ ಒಳಗೆ ಹತ್ತು ರೂಪಾಯಿ ನೋಟು, ಒಂದು ತುಂಡು ಅಡಿಕೆ, ಎರಡು ಬಿಳಿ ಮಾತ್ರೆ. ಮೆಟ್‌ಫಾರ್ಮಿನ್. ಕೇಳಿದರೆ, ತಿಂಡಿ ತಿಂದ ತಕ್ಷಣ ನುಂಗಿದರೆ ಹೊಟ್ಟೆ ತೊಳೆಸುತ್ತೆ, ಅದಕ್ಕೆ ಗಂಟು ಹಾಕಿಕೊಂಡು ಹೊಲಕ್ಕೆ ಹೋಗ್ತೀನಿ, ಆಮೇಲೆ ತಗೋತೀನಿ ಅಂದರು. ಡಬ್ಬಿಯ ಲೆಕ್ಕದಲ್ಲಿ ಆ ಎರಡೂ ಹೊಟ್ಟೆಗೆ ಹೋಗಿದ್ದವು.

ಈ ಸಲ ಬೈಯಲಿಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಹೊಟ್ಟೆ ತೊಳೆಸೋದನ್ನು ಹೇಳಿಸಿದೆ. ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುವ ಮೆಟ್‌ಫಾರ್ಮಿನ್ ಬರೆದುಕೊಟ್ಟರು. ರಾತ್ರಿ ಊಟದ ಜೊತೆ ಒಂದೇ ಸಲ. ಎರಡು ವರ್ಷದಿಂದ ಅಮ್ಮ ಇದನ್ನು ಯಾರಿಗೂ ಹೇಳಿರಲಿಲ್ಲ.

ಔಷಧಿ ಅಂಗಡಿ, ಬಿ.ಎಚ್. ರಸ್ತೆ

ಒಳ್ಳೇದಾಯಿತು. ಆ ನಿಧಾನದ ಮಾತ್ರೆಯನ್ನು ಮುರಿದು ಅಥವಾ ಪುಡಿ ಮಾಡಿ ಕೊಡಬೇಡಿ, ಇಡಿಯಾಗಿಯೇ ನುಂಗಬೇಕು.

ಒಂದು ಕೇಳೋದು ಮರೆತಿದ್ದೆ. ಅಮ್ಮ ಏಕಾದಶಿ, ಶಿವರಾತ್ರಿ ಉಪವಾಸ ಮಾಡುತ್ತಾರಾ? ಆ ದಿನ ತಿಂಡಿ ಇಲ್ಲ, ಡಬ್ಬಿ ಮಾತ್ರ ಗ್ಲಿಮೆಪಿರೈಡ್ ತಗೋ ಅಂತ ಕೂಗುತ್ತಲೇ ಇರುತ್ತದೆ. ತಿನ್ನದೆ ಆ ಮಾತ್ರೆ ನುಂಗಿದರೆ ಮತ್ತೆ ಕೊಟ್ಟಿಗೆಯ ಕಥೆಯೇ. ಉಪವಾಸದ ದಿನ ಏನು ಮಾಡಬೇಕು ಅಂತ ಡಾಕ್ಟರ್ ಹತ್ತಿರ ಮುಂಚೆಯೇ ಬರೆಸಿಕೊಳ್ಳಿ.

ಗುಬ್ಬಿ ಮಗಳು

ಅಯ್ಯೋ, ಮಾಡುತ್ತಾರೆ. ಇದು ನನ್ನ ತಲೆಗೇ ಬಂದಿರಲಿಲ್ಲ. ನಾಳೆಯೇ ಕೇಳುತ್ತೇನೆ.

ಬೆಸುಗೆ

ಒಂದು ಬಟನ್ ಸೇರಿಸುತ್ತೇನೆ. ಬೆಳಿಗ್ಗೆ ಒತ್ತಿದರೆ ಆ ದಿನ ಎರಡನೇ ಗೂಡು ಕೂಗುವುದಿಲ್ಲ, ನಿಮಗೆ ಉಪವಾಸ ಅಂತ ಮೆಸೇಜ್ ಬರುತ್ತದೆ. ಡಾಕ್ಟರ್ ಒಪ್ಪಿದ ಮೇಲೆ ಹೇಳಿ.

ಗುಬ್ಬಿ ಮಗಳು

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ಇರುವವರಿಗೆ ಒಂದು ಎಚ್ಚರ ಹೇಳಬೇಕು.

ಡಾಕ್ಟರ್ ಉಪವಾಸಕ್ಕೆ ಬರೆದುಕೊಟ್ಟರು, ಬಟನ್ ಕೆಲಸ ಮಾಡುತ್ತಿದೆ. ಡಬ್ಬಿ ಬಂದ ಮೇಲೆ ಅಮ್ಮ ಒಂದು ಹೊತ್ತೂ ತಪ್ಪಿಸಲಿಲ್ಲ. ಐದನೇ ವಾರಕ್ಕೆ, ಎದ್ದು ನಿಂತರೆ ತಲೆ ಸುತ್ತುತ್ತೆ ಅಂತ ಹೇಳೋಕೆ ಶುರು ಮಾಡಿದರು. ಬಚ್ಚಲಲ್ಲಿ ಒಮ್ಮೆ ಬೀಳುವ ಹಾಗಾಯಿತು, ಹಂಡೆ ಹಿಡಿದುಕೊಂಡರಂತೆ. ನಮ್ಮೂರಿನ ಆಶಾ ಬಂದು ಬಿಪಿ ನೋಡಿದರು, 100ಕ್ಕೆ 60. ಅಮ್ಮನಿಗೆ ಯಾವತ್ತೂ 150ರ ಕೆಳಗೆ ಇದ್ದದ್ದಿಲ್ಲ.

ಡಾಕ್ಟರ್ ಡಬ್ಬಿಯ ಲೆಕ್ಕ ಕೇಳಿದರು. ತೋರಿಸಿದೆ. ಅವರು ಹಳೇ ಚೀಟಿಗಳನ್ನೆಲ್ಲ ತೆಗೆದು ನೋಡಿದರು. ಎರಡು ವರ್ಷದಲ್ಲಿ ಟೆಲ್ಮಿಸಾರ್ಟನ್ 20 ಇದ್ದದ್ದು 40, ಆಮೇಲೆ 80 ಆಗಿತ್ತು. ಪ್ರತಿ ಸಲ ಬಿಪಿ ಜಾಸ್ತಿ ಇದೆ ಅಂತ ಏರಿಸಿದ್ದರು. ಅಮ್ಮ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ತಗೊಳ್ಳುತ್ತಿದ್ದರು ಅಂತ ಯಾರಿಗೂ ಗೊತ್ತಿರಲಿಲ್ಲ. ಈಗ 80ರದ್ದು ದಿನವೂ ಹೊಟ್ಟೆಗೆ ಹೋಗೋಕೆ ಶುರುವಾಗಿತ್ತು. ಮತ್ತೆ 40ಕ್ಕೆ ಇಳಿಸಿದರು. ತಲೆಸುತ್ತು ನಿಂತಿದೆ.

ಯಾರೇ ಡಬ್ಬಿ ತಂದರೂ ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಬಿಪಿ, ಶುಗರ್ ನೋಡಿಸಿ. ಶುರು ಮಾಡುವ ಮುಂಚೆ ಡಾಕ್ಟರ್‌ಗೆ ಹೇಳಿ, ಇಷ್ಟು ದಿನ ಸರಿಯಾಗಿ ತಗೊಂಡಿರಲಿಲ್ಲ, ಇನ್ನು ಮುಂದೆ ತಗೋತಾರೆ ಅಂತ. ನಾನು ಹೇಳಿರಲಿಲ್ಲ.

ಆಶಾ ಅಕ್ಕ, ಶಿರಾ

ಇದು ಎಷ್ಟೋ ಮನೆಗಳಲ್ಲಿ ಆಗುತ್ತದೆ. ಆಸ್ಪತ್ರೆಗೆ ಸೇರಿದಾಗ ನರ್ಸ್ ಹೊತ್ತುಹೊತ್ತಿಗೆ ಮಾತ್ರೆ ಕೊಡುತ್ತಾರೆ, ಬಿಪಿ ಬಿದ್ದುಹೋಗುತ್ತದೆ, ಯಾಕೆ ಅಂತ ಮನೆಯವರಿಗೆ ತಿಳಿಯೋದಿಲ್ಲ. ನೀವು ಬರೆದದ್ದು ಒಳ್ಳೇದಾಯಿತು. ನಮ್ಮ ಸಭೆಯಲ್ಲಿ ಹೇಳುತ್ತೇನೆ.

ಮೇಷ್ಟ್ರು, ಎಸ್.ಎಸ್. ಪುರಂ

ತಾಯಿಯವರು ಈಗ ಡಬ್ಬಿ ಬಗ್ಗೆ ಏನು ಹೇಳುತ್ತಾರೆ?

ಗುಬ್ಬಿ ಮಗಳು

ಯುಗಾದಿಗೆ ಅಣ್ಣ ಪುಣೆಯಿಂದ ಬಂದಿದ್ದ. ತಿಂಡಿಗೆ ಮುಂಚೆ ಡಬ್ಬಿ ಕೂಗಿತು. ಅಮ್ಮ ಅಡುಗೆಮನೆಯಿಂದಲೇ, ನೀನಾ ಅದಾ ಅಂತ ಕೇಳಿದರು. ನಾನಲ್ಲ ಅಮ್ಮಾ, ಅದು ಅಂತ ಅಣ್ಣ ಅಂದ. ಸರಿ, ಹಾಗಾದ್ರೆ ನೀರು ನೀನು ತಗೊಂಡು ಬಾ ಅಂದರು.

ಬೆಸುಗೆ ತಮ್ಮಾ, ಒಂದು ಕೇಳಬೇಕಿತ್ತು. ಹಳದಿ ದೀಪ ಸ್ವಲ್ಪ ಮಂಕಾಗಿದೆ. ಬ್ಯಾಟರಿ ಬದಲಾಯಿಸುವಾಗ ಗಡಿಯಾರದ ಹೊತ್ತು ಹೋಗಿಬಿಡುತ್ತಾ?

ಬೆಸುಗೆ

ಹೋಗಲ್ಲ ಅಕ್ಕ, ಗಡಿಯಾರಕ್ಕೆ ಬೇರೆ ಸಣ್ಣ ಸೆಲ್ ಇದೆ. ಬದಲಾಯಿಸಿದ ಮೇಲೆ ನಾಲ್ಕೂ ಮುಚ್ಚಳ ಒಂದೊಂದು ಸಲ ತೆಗೆದು ಮುಚ್ಚಿ, ದೀಪ ಬರುತ್ತಾ ನೋಡಿ. ರಾತ್ರಿ ಮಾತ್ರೆ ಆದ ಮೇಲೆ ಮಾಡಿ, ಇಲ್ಲದಿದ್ದರೆ ಅದನ್ನೂ ತಗೊಂಡರು ಅಂತ ಬರೆದುಕೊಳ್ಳುತ್ತದೆ.